ನಾಣ್ಯದ ಮೇಲಣ ಶಿವಾಲಯ

ವಿಶ್ವಗುರು ಬಸವಣ್ಣನವರ ವಚನಗಳಲ್ಲಿ ಶಾಲೆಯ ಮಕ್ಕಳಿಗೂ ಕಂಠಪಾಠವಾಗಿರುವ ವಚನವೊಂದುಂಟು. ಸಿರಿವಂತರು ಶಿವನಿಗೆ ಮಂದಿರ ನಿರ್ಮಿಸುವುದನ್ನು ಕಂಡ ಭಕ್ತನೊಬ್ಬನು, ತಾನೇನನ್ನು ಅರ್ಪಿಸಬಲ್ಲೆನೆಂದು ತನ್ನನ್ನೇ ಕೇಳಿಕೊಂಡು, ಕಡೆಗೆ ತನ್ನ ಒಡಲನ್ನೇ ಗುಡಿಯನ್ನಾಗಿ ಮಾಡಿಕೊಳ್ಳುವ ವಚನವದು. ಅದರ ಕೊನೆಯಲ್ಲಿ ಬರುವ ಸ್ಥಾವರ, ಜಂಗಮ ಎಂಬ ಎರಡು ಪದಗಳ ಮೇಲೆ ಎಷ್ಟೋ ವ್ಯಾಖ್ಯಾನಗಳು ನಡೆದಿವೆ. ಸ್ಥಾವರವೆಂದರೆ ಒಂದೆಡೆ ನಿಂತದ್ದು. ಜಂಗಮವೆಂದರೆ ನಡೆದಾಡುವ ಚೈತನ್ಯ. ನಿಂತದ್ದು ಎಂದಾದರೊಂದು ದಿನ ಬೀಳಲೇಬೇಕು ಎಂಬುದು ಅಲ್ಲಿನ ಇಂಗಿತ. ಆದರೆ ನಿಂತ ಗುಡಿಯೇ ಒಂದು ಬಿಲ್ಲೆಯ ಮೇಲೆ ಅಚ್ಚಾಗಿ, ಸಂತೆಯಿಂದ ಸಂತೆಗೆ, ಕೈಯಿಂದ ಕೈಗೆ ಸಾಗತೊಡಗಿದರೆ ಅದನ್ನು ಯಾವ ಹೆಸರಿನಿಂದ ಕರೆಯಬೇಕು?

ಇದು ಕೇವಲ ಮಾತಿನ ಚಮತ್ಕಾರವಲ್ಲ. ತಂಜಾವೂರಿನ ಬೃಹದೀಶ್ವರ ದೇವಾಲಯಕ್ಕೆ ಸಹಸ್ರ ವರ್ಷ ತುಂಬಿದ ನೆನಪಿಗೆ ೨೦೧೦ನೆಯ ವರ್ಷದ ಮುದ್ರೆಯುಳ್ಳ ಸ್ಮರಣಾರ್ಥ ನಾಣ್ಯಗಳನ್ನು ಭಾರತ ಸರ್ಕಾರ ಹೊರತಂದಿತು. ಅವುಗಳಲ್ಲೊಂದು ೧೦೦೦ ರೂಪಾಯಿಯದು. ಸ್ವತಂತ್ರ ಭಾರತದಲ್ಲಿ ಅಷ್ಟು ದೊಡ್ಡ ಮೌಲ್ಯದ ನಾಣ್ಯ ಅದಕ್ಕೆ ಮೊದಲು ಅಚ್ಚಾಗಿರಲಿಲ್ಲ. ೪೪ ಮಿಲಿಮೀಟರ್ ಅಗಲ, ೩೫ ಗ್ರಾಂ ತೂಕ, ನೂರಕ್ಕೆ ಎಂಬತ್ತು ಪಾಲು ಬೆಳ್ಳಿ. ಇನ್ನೂರು ಅಡಿಗೂ ಮಿಗಿಲಾದ ಕಲ್ಲಿನ ವಿಮಾನವು ಎರಡು ಅಂಗುಲಕ್ಕೂ ಕಡಿಮೆಯ ಬಿಲ್ಲೆಯೊಳಗೆ ಅಡಗಿದೆ. ಆ ದೇಗುಲವನ್ನು ೧೦೧೦ರಲ್ಲಿ ಪೂರ್ಣಗೊಳಿಸಿದ ಒಂದನೆಯ ರಾಜರಾಜ ಚೋಳನು ಕೊಳ್ಳೇಗಾಲದ ಸೀಮೆಗೆ ಅಪರಿಚಿತನೇನಲ್ಲ. ಅವನ ಆಳ್ವಿಕೆಯಲ್ಲಿಯೇ ಚೋಳರು ತಲಕಾಡನ್ನು ಗೆದ್ದು ಅದಕ್ಕೆ ರಾಜರಾಜಪುರವೆಂಬ ಹೆಸರಿಟ್ಟರು. ವಚನದಲ್ಲಿ ಬರುವ ಸಿರಿವಂತರು ಎಂಥವರೆಂದು ಯಾರಾದರೂ ಕೇಳಿದರೆ ಇಂಥ ಅರಸರ ಕಡೆಗೆ ಬೆರಳು ತೋರಿಸಬಹುದು. ಬಸವಣ್ಣನವರು ಆ ಗುಡಿಯನ್ನು ಕಂಡಿದ್ದರೆಂದು ಹೇಳಬೇಕಾಗಿಲ್ಲ. ಅಂಥ ಗುಡಿಗಳ ಕಾಲದಲ್ಲಿ, ಅಂಥ ಅರಸೊತ್ತಿಗೆಯ ನೆರಳಿನಲ್ಲಿಯೇ ಅವರು ಬಾಳಿದರೆಂಬುದಷ್ಟೇ ಸಾಕು.

ಈ ಸಾವಿರ ರೂಪಾಯಿಯ ನಾಣ್ಯವನ್ನು ಕೊಟ್ಟು ಅಂಗಡಿಯಲ್ಲಿ ಅಕ್ಕಿ ತರುವವರು ಯಾರೂ ಇಲ್ಲ. ಅದು ಚಲಾವಣೆಗೆಂದು ಹುಟ್ಟಿದ್ದಲ್ಲ, ಸಂಗ್ರಹಕ್ಕೆಂದು ಹುಟ್ಟಿದ್ದು. ಟಂಕಸಾಲೆಯು ಮುಂಗಡ ಹಣ ಪಡೆದು, ಮುಖಬೆಲೆಗಿಂತ ಹೆಚ್ಚಿನ ದರಕ್ಕೆ, ಅಂದವಾದ ಪೆಟ್ಟಿಗೆಯಲ್ಲಿಟ್ಟು ಕಳುಹಿಸಿಕೊಡುತ್ತದೆ. ಕೊಂಡವರು ಬೆರಳ ಗುರುತು ಬೀಳದಂತೆ ಅದನ್ನು ಜೋಪಾನ ಮಾಡುತ್ತಾರೆ. ನಡೆದಾಡುವುದಕ್ಕೆಂದೇ ಮನುಷ್ಯನು ಕಂಡುಹಿಡಿದ ವಸ್ತು ನಾಣ್ಯ. ಅದನ್ನು ನಡೆಯದಂತೆ ಕಟ್ಟಿಹಾಕಿದಾಗ ಅದರ ಮೇಲಿರುವ ಗುಡಿಯು ಎರಡನೆಯ ಬಾರಿಗೆ ಸ್ಥಾವರವಾಗುತ್ತದೆ.

ನಾಣ್ಯದ ಮೇಲೆ ಶಿವಾಲಯ ಕಾಣಿಸಿಕೊಂಡದ್ದು ಹೊಸದಾಗಿಯೂ ಅಲ್ಲ. ಕ್ರಿಸ್ತಪೂರ್ವದ ಕೊನೆಯ ಶತಮಾನಗಳಲ್ಲಿ ಪಂಜಾಬಿನ ಬೆಟ್ಟದ ಸೀಮೆಯಲ್ಲಿ ಔದುಂಬರರೆಂಬ ಗಣವೊಂದಿತ್ತು. ಅವರ ತಾಮ್ರದ ನಾಣ್ಯಗಳ ಒಂದು ಬದಿಯಲ್ಲಿ ಆವರಣದೊಳಗಿನ ಮರವೂ ಆನೆಯೂ ಇದ್ದರೆ, ಇನ್ನೊಂದು ಬದಿಯಲ್ಲಿ ಕಂಬಗಳ ಮೇಲೆ ನಿಂತ ಮಾಡುಳ್ಳ ಕಟ್ಟಡವಿದೆ. ಅದರ ಪಕ್ಕದಲ್ಲಿಯೇ ಕೊಡಲಿಯ ಅಲಗನ್ನು ಕೂಡಿಕೊಂಡ ತ್ರಿಶೂಲ. ವಿದ್ವಾಂಸರು ಅದನ್ನು ಶಿವನ ಗುಡಿಯೆಂದು ಗುರುತಿಸಿದ್ದಾರೆ. ಅಲ್ಲಿನ ಅರಸರ ಹೆಸರುಗಳೂ ಶಿವದಾಸ, ರುದ್ರದಾಸ, ಮಹಾದೇವ ಎಂದೇ ಇವೆ. ಅಂಥ ಗುಡಿಗಳು ಮರದಿಂದ ಕಟ್ಟಿದವಾಗಿದ್ದಿರಬೇಕು, ಒಂದೂ ಉಳಿದಿಲ್ಲ. ಹೆಬ್ಬೆರಳ ಗಾತ್ರದ ತಾಮ್ರದ ಚೂರುಗಳು ಮಾತ್ರ ಅವುಗಳ ರೂಪವನ್ನು ಹೇಳುತ್ತಿವೆ. ದೂರದ ಯೆಹೂದ್ಯರ ನಾಡಿನಲ್ಲಿಯೂ ಇಂಥದೇ ಸಂಗತಿ ನಡೆಯಿತು. ರೋಮನ್ನರು ಕ್ರಿಸ್ತಶಕ ೭೦ರಲ್ಲಿ ಜೆರೂಸಲೇಮಿನ ದೇವಾಲಯವನ್ನು ನೆಲಸಮ ಮಾಡಿದರು. ಅರವತ್ತು ವರ್ಷಗಳ ತರುವಾಯ, ೧೩೨ರಿಂದ ೧೩೫ರವರೆಗೆ ದಂಗೆಯೆದ್ದ ಬಾರ್ ಕೊಖ್ಬಾನ ಜನರು, ರೋಮನ್ನರ ಬೆಳ್ಳಿ ನಾಣ್ಯಗಳನ್ನೇ ತೆಗೆದುಕೊಂಡು ಅವುಗಳ ಮೇಲೆ, ಇಲ್ಲವಾದ ತಮ್ಮ ದೇವಾಲಯದ ಮುಖಮಂಟಪವನ್ನು ನಾಲ್ಕು ಕಂಬಗಳ ಸಮೇತ ಮರುಟಂಕಿಸಿದರು. ಆ ದಂಗೆಯೂ ಅಡಗಿತು. ನಾಣ್ಯಗಳು ಉಳಿದವು.

ಲೊಕ್ಕನಹಳ್ಳಿಯ ಕಡೆಗೆ ಬರೋಣ. ಈಗ ಹನೂರು ತಾಲ್ಲೂಕಿಗೆ ಸೇರಿರುವ ಈ ಹೋಬಳಿಯೂರು ಬಿಳಿಗಿರಿರಂಗನ ಬೆಟ್ಟದ ಕಾಡಿಗೂ ಮಾದಪ್ಪನ ಬೆಟ್ಟದ ಸೀಮೆಗೂ ನಡುವೆ ಇದೆ. ೧೭೯೯ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕೊಳ್ಳೇಗಾಲ ಸೀಮೆಯು ಮೈಸೂರಿಗೆ ಸಿಕ್ಕಲಿಲ್ಲ. ಕಂಪನಿಯವರು ಅದನ್ನು ತಮ್ಮ ಕೊಯಮತ್ತೂರು ಜಿಲ್ಲೆಗೆ ಸೇರಿಸಿಕೊಂಡರು. ೧೯೫೬ರ ನವೆಂಬರ್ ೧ರಂದು ಕನ್ನಡನಾಡು ಒಂದಾಗುವವರೆಗೆ, ಒಂದೂವರೆ ಶತಮಾನಕ್ಕೂ ಮಿಕ್ಕಿ, ಇಲ್ಲಿನ ಕನ್ನಡಿಗರು ಮದರಾಸಿನ ಆಡಳಿತದಲ್ಲಿದ್ದರು. ಹೀಗಾಗಿ ಹೊಳೆಯ ಆಚೆಗೂ ಈಚೆಗೂ ನಾಣ್ಯದ ಮೇಲಿನ ಚಿತ್ರವೇ ಬೇರೆಯಾಯಿತು. ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ತಾಮ್ರದ ಕಾಸಿನ ಮೇಲೆ ಆನೆಯಿತ್ತು, ‘ಮಯಿಲಿ ಕಾಸು’ ಎಂಬ ಕನ್ನಡ ಅಕ್ಷರಗಳಿದ್ದವು. ಮದರಾಸಿನ ಕಂಪನಿಯು ೧೮೦೮ರ ಸುಮಾರಿಗೆ ಹೊರಡಿಸಿದ ಅರ್ಧ ಮತ್ತು ಕಾಲು ಪಗೋಡದ ಬೆಳ್ಳಿ ನಾಣ್ಯಗಳ ಮೇಲೆ ನೆಲೆನೆಲೆಯಾಗಿ ಏರಿದ ಒಂದು ಗೋಪುರ, ಅದರ ಎರಡೂ ಬದಿಗೆ ನಕ್ಷತ್ರಗಳು, ಸುತ್ತ ಇಂಗ್ಲಿಷ್ ಹಾಗೂ ಪಾರಸಿ ಬರಹ. ಹಿಂಬದಿಯಲ್ಲಿ ವಿಷ್ಣುವಿನ ಮೂರ್ತಿ, ಅದರ ಸುತ್ತ ತಮಿಳು ಮತ್ತು ತೆಲುಗು. ಕನ್ನಡಿಗರ ಸೀಮೆಯೂ ಆ ರಾಜಧಾನಿಯ ಕೆಳಗಿದೆಯೆಂಬುದು ಟಂಕಸಾಲೆಯವರಿಗೆ ನೆನಪಾಗಲಿಲ್ಲವೆಂದು ತೋರುತ್ತದೆ.

ಪಗೋಡವೆಂದರೆ ನಮ್ಮ ವರಹವೇ. ವಿದೇಶೀಯರು ಗುಡಿಗೆ ಇಟ್ಟುಕೊಂಡಿದ್ದ ಹೆಸರೇ ದೇವರ ಚಿತ್ರವಿದ್ದ ನಮ್ಮ ಹೊನ್ನಿಗೂ ಅಂಟಿಕೊಂಡಿತು. ಒಂದು ಪಗೋಡಕ್ಕೆ ೪೨ ಹಣ, ಒಂದು ಹಣಕ್ಕೆ ೮೦ ಕಾಸು ಎಂಬುದು ಮದರಾಸಿನ ಲೆಕ್ಕ. ಈ ಲೆಕ್ಕದಲ್ಲಿ ಗೋಪುರದ ಚಿತ್ರವಿದ್ದ ಕಾಲು ಪಗೋಡಕ್ಕೆ ಹತ್ತೂವರೆ ಹಣ. ೧೮೧೮ರಲ್ಲಿ ಕಂಪನಿಯು ಬೆಳ್ಳಿ ರೂಪಾಯಿಯನ್ನೇ ಪ್ರಮಾಣವೆಂದು ಗೊತ್ತುಮಾಡಿ, ನೂರು ಪಗೋಡಕ್ಕೆ ಮುನ್ನೂರೈವತ್ತು ರೂಪಾಯಿ ಎಂದು ದರ ಕಟ್ಟಿದಾಗ ಪಗೋಡದ ಕಾಲ ಮುಗಿಯಿತು.

ವ್ಯಾಪಾರಕ್ಕೆ ಬಂದವರು ನಾಣ್ಯದ ಮೇಲೆ ಗೋಪುರವನ್ನು ಇಟ್ಟದ್ದು ಭಕ್ತಿಯಿಂದಲ್ಲ. ಸಂತೆಯ ಜನ ನಂಬಿ ಕೈಗೆ ತೆಗೆದುಕೊಳ್ಳಲಿ ಎಂದು. ‘ಕಾಸಿದ್ದರೆ ಕೈಲಾಸ’ ಎಂಬ ಗಾದೆಯನ್ನು ನಮ್ಮವರು ವ್ಯಂಗ್ಯಕ್ಕೆ ಬಳಸುತ್ತಾರೆ. ಕಾಸಿನ ಮೇಲೆಯೇ ಗುಡಿ ಕಟ್ಟಿ ಕಂದಾಯ ಎತ್ತಿದವರಿಗೆ ಅದು ವ್ಯಂಗ್ಯವಾಗಿರಲಿಲ್ಲ.

ನಮ್ಮ ಕಾಲದ ಮಾತಿಗೆ ಬಂದರೆ, ಬಸವಣ್ಣನವರ ಸ್ಮರಣೆಗಾಗಿಯೇ ೨೦೦೬ರಲ್ಲಿ ನೂರು ರೂಪಾಯಿಯ ಹಾಗೂ ಐದು ರೂಪಾಯಿಯ ನಾಣ್ಯಗಳು ಬಂದವು. ಅವುಗಳ ಮೇಲೆ ಕಟ್ಟಡವಿಲ್ಲ, ಬಸವಣ್ಣನವರ ಭಾವಚಿತ್ರವಿದೆ. ಅದು ಉಚಿತವೇ. ಮನುಷ್ಯನನ್ನೇ ಗುಡಿಯೆಂದು ಬಗೆದವರಿಗೆ ಬೇರೆ ಗುಡಿಯ ಚಿತ್ರ ಏತಕ್ಕೆ? ಆದರೆ ಆ ಐದು ರೂಪಾಯಿ ಕೈಗೆ ಬಂದಾಗ ಭಕ್ತರು ಮಾಡಿದ್ದೇನು? ಖರ್ಚು ಮಾಡಲು ಮನಸ್ಸು ಬಾರದೆ ವಿಭೂತಿಗಟ್ಟಿಯ ಪಕ್ಕದಲ್ಲಿ, ದೇವರ ಗೂಡಿನಲ್ಲಿ ಇಟ್ಟುಕೊಂಡರು. ಅವರ ಪ್ರೀತಿಯನ್ನು ಯಾರೂ ಹಳಿಯಲಾರರು. ಆದರೂ ದಾಸೋಹದ ಹಾದಿಯಲ್ಲಿ ಹರಿದಾಡಬೇಕಾಗಿದ್ದ ಹಣ ಅಲ್ಲಿಗೆ ನಿಂತಿತು. ೨೦೧೭ರಲ್ಲಿ ಬಂದ ಐವತ್ತು ರೂಪಾಯಿಯ ನೋಟಿನ ಮೇಲೆ ಹಂಪಿಯ ಕಲ್ಲಿನ ರಥವಿದೆ. ನಾಣ್ಯವಲ್ಲದಿದ್ದರೂ ಅದನ್ನು ನೆನೆಯದೆ ಮುಂದೆ ಹೋಗುವುದು ಕಷ್ಟ. ರಥದ ಆಕಾರದಲ್ಲಿ ಕಟ್ಟಿದ ಗರುಡನ ಗುಡಿಯದು, ಗಾಲಿಗಳಿವೆ, ಗಮನವಿಲ್ಲ. ಜಂಗಮದ ವೇಷ ತೊಟ್ಟ ಸ್ಥಾವರ. ಅದೇ ರಥ ಈಗ ಕಾಗದದ ಮೇಲೆ ಲೊಕ್ಕನಹಳ್ಳಿಯ ಸೊಪ್ಪಿನ ಅಂಗಡಿಗೂ ಒಡೆಯರಪಾಳ್ಯದ ಟಿಬೆಟನ್ನರ ಬಿಡಾರಕ್ಕೂ ಹೋಗಿಬರುತ್ತಿದೆ.

೨೦೨೩ರ ಮೇ ೨೮ರಂದು ಹೊಸ ಸಂಸತ್ ಭವನದ ಉದ್ಘಾಟನೆಯ ದಿನ, ಆ ಕಟ್ಟಡದ ಚಿತ್ರವಿರುವ ೭೫ ರೂಪಾಯಿಯ ನಾಣ್ಯ ಬಿಡುಗಡೆಯಾಯಿತು. ಅದೂ ಸಂಗ್ರಹದ ನಾಣ್ಯವೇ. ಆ ಭವನಕ್ಕೆ ೨೦೨೦ರ ಡಿಸೆಂಬರಿನಲ್ಲಿ ಅಡಿಗಲ್ಲು ಹಾಕಿದಾಗ ಪ್ರಧಾನಮಂತ್ರಿಗಳು ಅನುಭವ ಮಂಟಪವನ್ನು ನೆನೆದರು. ಮರುತಿಂಗಳು ಬಸವಕಲ್ಯಾಣದಲ್ಲಿ ನೂತನ ಅನುಭವ ಮಂಟಪಕ್ಕೂ ಅಡಿಗಲ್ಲು ಬಿದ್ದಿತು. ಹಳೆಯ ಅನುಭವ ಮಂಟಪದ ಚಿತ್ರವನ್ನು ಅದರ ಕಾಲದ ಯಾವ ನಾಣ್ಯವೂ ಹೊತ್ತು ತಂದಿಲ್ಲ. ಅದಕ್ಕೆ ಎಷ್ಟು ಕಂಬಗಳಿದ್ದವು, ಬಾಗಿಲು ಯಾವ ದಿಕ್ಕಿಗಿತ್ತು ಎಂದು ಕೇಳಿದರೆ ಬೊಕ್ಕಸದ ಪೆಟ್ಟಿಗೆಗಳಲ್ಲಿ ಉತ್ತರವಿಲ್ಲ. ಕಲ್ಯಾಣದಲ್ಲಿ ವಿಪ್ಲವವಾಗಿ ಶರಣರು ದಿಕ್ಕುದಿಕ್ಕಿಗೆ ಚದುರಿದಾಗ ಅವರು ಜೊತೆಯಲ್ಲಿ ಕೊಂಡೊಯ್ದದ್ದು ಅಲ್ಲಿ ಆಡಿದ ಮಾತುಗಳನ್ನು.

ಇಷ್ಟನ್ನೂ ಹೇಳುವುದಕ್ಕೆ ಕಾರಣವಾದದ್ದು ಲೊಕ್ಕನಹಳ್ಳಿಯ ಕಡೆಯ ಒಂದು ಸದ್ಭಕ್ತರ ಮನೆ.

ಮುಡಿಪು ಕಟ್ಟುವ ಪದ್ಧತಿ ಈ ಸೀಮೆಯವರಿಗೆ ವಿವರಿಸಬೇಕಾದದ್ದಲ್ಲ. ಮಗುವಿಗೆ ಕಾಯಿಲೆಯಾದಾಗ, ದನ ಕಾಡಿನಲ್ಲಿ ತಪ್ಪಿಸಿಕೊಂಡಾಗ, ಮಾದಪ್ಪನನ್ನು ನೆನೆದು ಅರಿಶಿನದ ಬಟ್ಟೆಯಲ್ಲಿ ಕಾಸು ಕಟ್ಟಿ ಎತ್ತಿಡುತ್ತಾರೆ. ಕಟ್ಟಿದ ಗಳಿಗೆಯಿಂದ ಆ ಕಾಸು ಮನೆಯದಲ್ಲ. ಹಸಿವಾದರೂ ಅದನ್ನು ಬಿಚ್ಚುವಂತಿಲ್ಲ. ಬೆಟ್ಟಕ್ಕೆ ಒಯ್ದು ಒಪ್ಪಿಸಬೇಕು. ಈ ಮನೆಯ ದೇವರ ಪೆಟ್ಟಿಗೆಯಲ್ಲಿ ಅಂಥದೊಂದು ಮುಡಿಪು ಮೂರು ತಲೆಮಾರಿನಿಂದ ಉಳಿದುಬಿಟ್ಟಿತ್ತು. ಕಟ್ಟಿದವರು ಮನೆಯ ಈಗಿನ ಅಜ್ಜಿಯ ಗಂಡನ ಅಜ್ಜಿ. ಬೆಟ್ಟಕ್ಕೆ ಹೊರಡುವ ವರ್ಷ ಮನೆಯಲ್ಲಿ ಸಾವಾಯಿತು. ಶರಣರು ಸೂತಕವನ್ನು ಒಪ್ಪದಿದ್ದರೂ ಮನೆತನದ ರೂಢಿ ಒಪ್ಪಿತ್ತು, ಪಯಣ ನಿಂತಿತು. ಮುಂದಿನವರಿಗೆ ಅದನ್ನು ಮುಟ್ಟುವುದಕ್ಕೇ ಅಂಜಿಕೆಯಾಯಿತು.

ಬಟ್ಟೆ ಜೀರ್ಣವಾಗಿ ತಾನಾಗಿಯೇ ಹರಿದಾಗ ಒಳಗಿದ್ದುದು ಹೊರಬಿತ್ತು. ಪುಡಿಯಾದ ಅರಿಶಿನದ ಕೊಂಬು, ಅಂಚು ಹೂದಳದಂತಿರುವ ಐದನೆಯ ಜಾರ್ಜ್ ದೊರೆಯ ಎರಡು ಒಂದಾಣೆಗಳು, ಮತ್ತು ಕಪ್ಪಾದ ಒಂದು ಬೆಳ್ಳಿಯ ಬಿಲ್ಲೆ. ಒಂದಾಣೆಯೊಂದರ ಮೇಲೆ ೧೯೧೯ ಎಂದಿತ್ತು; ಆದ್ದರಿಂದ ಮುಡಿಪು ಅದಕ್ಕಿಂತ ಹಿಂದೆ ಕಟ್ಟಿದ್ದಲ್ಲ. ಬೆಳ್ಳಿಯ ಬಿಲ್ಲೆ ಕಟ್ಟುವ ಹೊತ್ತಿಗೇ ನೂರು ವರ್ಷ ಹಳೆಯದು. ಮೊಮ್ಮಗನು ಹುಣಸೆಹಣ್ಣಿನಿಂದ ಉಜ್ಜಲು ಹೋದಾಗ ಅಜ್ಜಿ ತಡೆದರಂತೆ. ತಡೆದದ್ದು ಒಳ್ಳೆಯದೇ ಆಯಿತು, ಹಾಗೆ ಉಜ್ಜಿದ ನಾಣ್ಯಕ್ಕೆ ಸಂಗ್ರಾಹಕರು ಬೆಲೆ ಕಟ್ಟುವುದಿಲ್ಲ. ಬರಿಯ ನೀರಿನಲ್ಲಿ ತೊಳೆದಾಗಲೇ ಗೋಪುರವೂ ನಕ್ಷತ್ರಗಳೂ ಕಂಡವು.

ಮೊಮ್ಮಗ ಮೈಸೂರಿನಲ್ಲಿ ಕೆಲಸದಲ್ಲಿದ್ದವನು. ಚಿತ್ರ ತೆಗೆದು ಹಳೆಯ ನಾಣ್ಯಗಳ ವ್ಯಾಪಾರಿಯೊಬ್ಬರಿಗೆ ತೋರಿಸಿದ. ಅವರು ಹೇಳಿದ ಮೊತ್ತ ಆ ಮನೆಯ ಹೊಲದಲ್ಲಿ ಒಂದು ಬೆಳೆಯ ಮುಸುಕಿನ ಜೋಳ ಮಾರಿದರೆ ಕೈಗುಳಿಯುವಷ್ಟಿತ್ತು. ಆ ವರ್ಷ ತಂಗಿಯ ನರ್ಸಿಂಗ್ ಓದಿಗೆ ಶುಲ್ಕ ಕಟ್ಟಬೇಕಾಗಿತ್ತು, ಮಳೆ ಕೈಕೊಟ್ಟಿತ್ತು. ನಾಣ್ಯವನ್ನು ಮಾರಿ ಶುಲ್ಕ ಕಟ್ಟಿ, ಒಂದಾಣೆಗಳ ಜೊತೆಗೆ ಐನೂರೊಂದು ರೂಪಾಯಿ ಸೇರಿಸಿ ಹುಂಡಿಗೆ ಹಾಕೋಣ ಎಂಬುದು ಅವನ ವಾದ. ಹುಂಡಿಗೆ ಬಿದ್ದರೆ ಅದೊಂದು ಬೆಳ್ಳಿಯ ಚೂರು, ತೂಕಕ್ಕೆ ಹೋದೀತು. ಬಲ್ಲವರ ಕೈಯಲ್ಲಿದ್ದರೆ ಇನ್ನೂರು ವರ್ಷದ ಚರಿತ್ರೆ. ಮಾದಪ್ಪನಿಗೂ ಇದರಿಂದ ನಷ್ಟವಿಲ್ಲ ಎಂದ. ಮಾತಿನಲ್ಲಿ ನ್ಯಾಯವಿತ್ತು. ತಾಯಿಯೂ ಚಿಕ್ಕಪ್ಪನೂ ಒಪ್ಪಿದರು.

ಅಜ್ಜಿ ಹೇಳಿದ್ದಿಷ್ಟು: “ಅವ್ರು ಗೋಪುರ ನೋಡಿ ಕಟ್ಲಿಲ್ಲ ಕಣಪ್ಪ, ಮಗ ಬದುಕ್ಲಿ ಅಂತ ಕಟ್ಟುದ್ರು. ಮಗ ಬದುಕ್ದ. ಅವನಿಂದ್ಲೇ ನೀನು.”

ವಿಷಯ ಮಠಕ್ಕೆ ಬಂದಿತು. ಅಮಾವಾಸ್ಯೆಯ ಅನುಭಾವ ಗೋಷ್ಠಿಯ ತರುವಾಯ ಮೊಮ್ಮಗ ಮಠದ ಹಿರಿಯರೊಬ್ಬರ ಮುಂದೆ ಎಲ್ಲವನ್ನೂ ಇಟ್ಟ. ಹಿರಿಯರು ತೀರ್ಪು ಕೊಡಲಿಲ್ಲ. ಆಯ್ದಕ್ಕಿ ಮಾರಯ್ಯ ಲಕ್ಕಮ್ಮ ದಂಪತಿಗಳ ಪ್ರಸಂಗವನ್ನು ಹೇಳಿದರು. ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ದಾಸೋಹ ನಡೆಸುತ್ತಿದ್ದ ಮಾರಯ್ಯನವರು ಒಂದು ದಿನ ನಿತ್ಯಕ್ಕಿಂತ ಹೆಚ್ಚು ತಂದರು. ಲಕ್ಕಮ್ಮನವರು ಹೆಚ್ಚಿನದನ್ನು ತಂದಲ್ಲಿಗೇ ಸುರಿದು ಬರಲು ಕಳುಹಿಸಿದರು. ಆ ಅಕ್ಕಿ ಕಳವಿನದಲ್ಲ, ಕೆಟ್ಟದ್ದೂ ಅಲ್ಲ, ತಮ್ಮದಲ್ಲ, ಅಷ್ಟೆ. ಬೀದಿಯಲ್ಲಿ ಬಿದ್ದ ಹೊನ್ನನ್ನು ಮುಟ್ಟೆನೆಂದ ಸತ್ಯಕ್ಕನ ನಿಲುವೂ ಇದೇ ಬಗೆಯದು. ಇದನ್ನು ಕೇಳಿ ಮೊಮ್ಮಗನು, ಲಕ್ಕಮ್ಮನವರ ಮನೆಯಲ್ಲಿ ಓದುವ ಹುಡುಗಿ ಇರಲಿಲ್ಲ ಎಂದನಂತೆ. ಹಿರಿಯರು ನಕ್ಕರೇ ಹೊರತು ಅವನನ್ನು ಗದರಲಿಲ್ಲ. ವಚನವನ್ನು ಕೇಳಿ ತಲೆದೂಗುವವರಿಗಿಂತ ಹೀಗೆ ಎದುರು ಕೇಳುವವರು ಅನುಭವ ಮಂಟಪದ ನೆಂಟರು.

ಗಂಟನ್ನು ಬಿಡಿಸಿದವರು ಅಜ್ಜಿಯೇ. ಅವರ ಕೊರಳ ಸರದಲ್ಲಿ ವಿಕ್ಟೋರಿಯಾ ರಾಣಿಯ ನಾಲ್ಕು ಬೆಳ್ಳಿ ರೂಪಾಯಿಗಳಿದ್ದವು; ತವರಿನವರು ಇಟ್ಟದ್ದು. ಇವುಗಳನ್ನು ತೆಗೆದುಕೊಂಡು ಹೋಗಿ ಮಾರಿ ಬಾ, ಇದು ನನ್ನದು, ಅದು ಅವನದು ಎಂದು ಮೊಮ್ಮಗನ ಕೈಗಿತ್ತರು. ವ್ಯಾಪಾರಿಯು ಅವುಗಳಿಗೆ ಸಂಗ್ರಹದ ಬೆಲೆ ಕಟ್ಟಲಿಲ್ಲ. ಸರಕ್ಕೆ ಪೋಣಿಸಲು ಅಕ್ಕಸಾಲಿಗನು ಬೆಸುಗೆ ಹಾಕಿದ ಕೊಂಡಿಗಳಿದ್ದವು; ಹಾಗೆ ಬೆಸೆದ ನಾಣ್ಯ ಸಂಗ್ರಾಹಕರಿಗೆ ಬೇಡವಾಗುತ್ತದೆ. ಒಂದೊಂದೂ ಹನ್ನೊಂದೂವರೆ ಗ್ರಾಮಿಗೆ ತುಸು ಮಿಗಿಲು, ನೂರಕ್ಕೆ ತೊಂಬತ್ತೆರಡರ ಹತ್ತಿರ ಬೆಳ್ಳಿ. ಆ ಲೆಕ್ಕದಲ್ಲಿಯೇ ತೂಗಿದರು. ಶುಲ್ಕದ ಒಂದು ಸಣ್ಣ ಪಾಲಿಗಷ್ಟೇ ಸಾಕಾಯಿತು. ಉಳಿದದ್ದಕ್ಕೆ ಚಿಕ್ಕಪ್ಪನು ಸ್ವಸಹಾಯ ಸಂಘದಲ್ಲಿ ಸಾಲ ಎತ್ತಿದ. ಆ ಸಾಲ ತೀರಲು ಎರಡು ವರ್ಷ ಹಿಡಿಯಿತು. ಈ ಮಾತನ್ನು ಹೇಳದೆ ಬಿಟ್ಟರೆ ಕಥೆ ಸುಲಭವಾಗಿಬಿಡುತ್ತದೆ.

ಮನೆಯ ನೆಂಟರಲ್ಲಿ ಉಪನ್ಯಾಸಕರೊಬ್ಬರು, ಚರಿತ್ರೆಯ ವಸ್ತುವನ್ನು ಹುಂಡಿಗೆ ಹಾಕುವುದು ಅವಿವೇಕ, ವಸ್ತುಸಂಗ್ರಹಾಲಯಕ್ಕಾದರೂ ಕೊಡಬಹುದಿತ್ತು ಎಂದು ಈಗಲೂ ಹೇಳುತ್ತಾರೆ. ಅವರ ಮಾತನ್ನು ತಳ್ಳಿಹಾಕುವುದು ಸರಿಯಲ್ಲ. ಔದುಂಬರರ ತಾಮ್ರದ ಚೂರುಗಳು ಯಾರದೋ ಜೋಪಾನದಿಂದಲೇ ಉಳಿದು, ಒಂದೂ ಉಳಿಯದ ಗುಡಿಗಳ ಸುಳಿವು ಕೊಟ್ಟವಲ್ಲವೇ? ಆದರೆ ವಸ್ತುಸಂಗ್ರಹಾಲಯದ ಗಾಜಿನ ಹಿಂದೆ ಇಟ್ಟ ಆ ಕಾಲು ಪಗೋಡದ ಕೆಳಗೆ ‘ಮದರಾಸು, ೧೮೦೮’ ಎಂದು ಬರೆಯುತ್ತಿದ್ದರೇ ಹೊರತು, ಜ್ವರದಿಂದ ಸುಡುತ್ತಿದ್ದ ಮಗುವಿನ ಪಕ್ಕದಲ್ಲಿ ಕುಳಿತು ಬಟ್ಟೆಗೆ ಗಂಟು ಹಾಕಿದ ತಾಯಿಯ ಹೆಸರನ್ನು ಯಾರೂ ಬರೆಯುತ್ತಿರಲಿಲ್ಲ. ಆಕೆಯ ಹೆಸರು ಈಗ ಮನೆಯವರಿಗೂ ನೆನಪಿಲ್ಲ.

ಮುಂದಿನ ಅಮಾವಾಸ್ಯೆಗೆ ಮನೆಯವರು ಹನೂರು, ಕೌದಳ್ಳಿ ದಾಟಿ, ತಾಳಬೆಟ್ಟದಿಂದ ನಡೆದು ಬೆಟ್ಟ ಹತ್ತಿದರು. ಅಜ್ಜಿಯನ್ನು ಮಾತ್ರ ಬಸ್ಸಿನಲ್ಲಿ ಕಳುಹಿಸಿದರು. ದಾರಿಯಲ್ಲಿ ಕಂಸಾಳೆಯವರು ಜುಂಜೇಗೌಡನ ಪ್ರಸಂಗವನ್ನು ಹಾಡುತ್ತಿದ್ದರು. ಮಾದಪ್ಪನಿಗೆ ಗುಡಿ ಕಟ್ಟಿಸಿದ ಸಿರಿವಂತನೆಂದು ಜನಪದರು ನೆನೆಯುವ ಗೌಡನಾತ. ಬಸವಣ್ಣನವರ ಮಾತಿನ ಸಿರಿವಂತನೇ ಸರಿ. ಆದರೆ ಅವನ ಹೆಸರು ಬಾಳಿರುವುದು ಜೋಳಿಗೆ ತೊಟ್ಟು ಊರೂರು ತಿರುಗುವ ಈ ದೇವರಗುಡ್ಡರ ಕೊರಳಿನಲ್ಲಿ.

ಹೊರಡುವ ಹಿಂದಿನ ರಾತ್ರಿ ಓದಲು ಹೋಗಲಿದ್ದ ಹುಡುಗಿ ನಾಣ್ಯದ ಮೇಲೆ ತೆಳ್ಳನೆಯ ಕಾಗದವಿಟ್ಟು ಪೆನ್ಸಿಲಿನಿಂದ ಉಜ್ಜಿ ಅಚ್ಚು ತೆಗೆದುಕೊಂಡಿದ್ದಳು. ಗೋಪುರದ ಬದಿ ಚೆನ್ನಾಗಿ ಮೂಡಿತು, ನಕ್ಷತ್ರಗಳನ್ನು ಎಣಿಸಬಹುದಿತ್ತು. ಇನ್ನೊಂದು ಬದಿಯನ್ನು ತೆಗೆಯುವಷ್ಟರಲ್ಲಿ ಅಜ್ಜಿ ಹೊಸ ಅರಿಶಿನದ ಬಟ್ಟೆಯನ್ನು ಹಾಸಿ, ಒಂದಾಣೆಗಳನ್ನು ಇಟ್ಟು, ಬಿಲ್ಲೆಗಾಗಿ ಕೈ ಚಾಚಿದ್ದರು.